ಎರಡು ತಲೆಯ ಹಕ್ಕಿ

ಬಾಗಲಗುಂಟೆಯಲ್ಲಿ ನಾನು ಪಾಠ ಹೇಳುವ ಮಕ್ಕಳಲ್ಲಿ ಹಲವರು ಪೀಣ್ಯದ ಕಾರ್ಖಾನೆಗಳಿಗೆಂದು ಊರು ಬಿಟ್ಟು ಬಂದವರ ಮಕ್ಕಳು. ಸರ್ಕಾರದ ಲಾಂಛನದ ನಡುವೆ ಕೆಂಪು ಗುರಾಣಿಯ ಮೇಲಿರುವ ಹಕ್ಕಿಯನ್ನು ಕಂಡು ಅವರು ಕೇಳುವ ಪ್ರಶ್ನೆ ಒಂದೇ, ‘ಇದಕ್ಕೆ ಎರಡು ತಲೆ ಯಾಕೆ ಮಿಸ್?’

ಗಂಡಭೇರುಂಡ ಎಂದು ಹೇಳಿ ಸುಮ್ಮನಾಗಬಹುದು. (ಗಂಡ ಎಂದರೆ ಇಲ್ಲಿ ನಮ್ಮ ಮನೆಯವರಲ್ಲ, ಹಳಗನ್ನಡದ ವೀರ!) ಆದರೆ ಮಕ್ಕಳಿಗೆ ಕತೆ ಬೇಕು. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳಿಯಲಿಲ್ಲವಂತೆ. ಶಿವನು ಶರಭ ಎಂಬ ವಿಚಿತ್ರ ಪ್ರಾಣಿಯಾಗಿ ಬಂದು ಅವನನ್ನು ಅಡಗಿಸಿದ. ಶೈವರ ಕತೆ ಅಲ್ಲಿಗೆ ಮುಗಿಯುತ್ತದೆ. ವೈಷ್ಣವರು ಬಿಟ್ಟಾರೆಯೇ? ಅವರು ಹೇಳುವಂತೆ ನರಸಿಂಹನೇ ಎರಡು ತಲೆಯ ಹಕ್ಕಿಯಾಗಿ ಶರಭವನ್ನು ಸೀಳಿದ. ಹಾಗಾದರೆ ಈ ಹಕ್ಕಿ ಶಿವನ ಮೇಲಿನ ಗೆಲುವಿನ ಗುರುತೇ?

ನನಗೆ ಹಾಗನ್ನಿಸುವುದಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ನೋಡಿರಬಹುದು, ಅಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಭೇರುಂಡ ಸ್ತಂಭವಿದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅವನು ಅದನ್ನು ನಿಲ್ಲಿಸಿದ್ದು ಜಗದೇಕಮಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ! ಶಿವನನ್ನು ಸೋಲಿಸಿದ ಹಕ್ಕಿಯನ್ನು ಯಾರಾದರೂ ಶಿವನ ಬಾಗಿಲಲ್ಲೇ ನಿಲ್ಲಿಸುತ್ತಾರೆಯೇ? ಆ ಕಾಲದ ಅರಸರಿಗೆ ಅದು ಬರಿಯ ಬಲದ ಗುರುತಾಗಿದ್ದಿರಬೇಕು. ಮತದ ಜಗಳ ಅದಕ್ಕೆ ಅಂಟಿಕೊಂಡದ್ದು ಬೇರೆ ದಾರಿಯಿಂದ.

ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಬೇಲೂರಿನ ಗುಡಿಯಲ್ಲಿ ಶಿಲ್ಪಿ ಇನ್ನೊಂದು ಅರ್ಥ ಕಂಡಿದ್ದಾನೆ. ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿದೆ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ನನಗೆ ಹಕ್ಕಿಗಿಂತ ಆ ಋಷಿಯೇ ಇಷ್ಟ.

ಮುಂದೆ ವಿಜಯನಗರದ ಅಚ್ಯುತರಾಯ (1529–1542) ಈ ಹಕ್ಕಿಯ ಕೊಕ್ಕು, ಉಗುರುಗಳಿಗೆ ಆನೆಗಳನ್ನು ಸಿಕ್ಕಿಸಿ ನಾಣ್ಯಕ್ಕೆ ಹಾಕಿಸಿದ. ಮೈಸೂರು ಒಡೆಯರಿಂದ ಅದು ರಾಜ್ಯ ಸರ್ಕಾರಕ್ಕೆ ಬಂತು.

ಇದೆಲ್ಲ ಅರಮನೆಯ ಮಾತಾಯಿತು. ಹೆಂಗಸರ ಬಾಯಲ್ಲಿ ಉಳಿದದ್ದು ಪಂಚತಂತ್ರದ ಭಾರುಂಡ ಪಕ್ಷಿ. ಎರಡು ತಲೆ, ಒಂದೇ ಹೊಟ್ಟೆ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ಪಾಲು ಕೇಳಿತು. ‘ಯಾರು ತಿಂದರೂ ಹೋಗುವುದು ಒಂದೇ ಹೊಟ್ಟೆಗಲ್ಲವೇ’ ಎಂದ ಮೊದಲನೆಯದು, ಉಳಿದದ್ದನ್ನು ಹೆಂಡತಿಗೆ ಕೊಟ್ಟಿತು. ಆ ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡ ಎರಡನೆಯ ತಲೆ, ಮುಂದೊಂದು ದಿನ ವಿಷದ ಹಣ್ಣು ಕಂಡಾಗ ಬೇಕೆಂದೇ ತಿಂದಿತು.

ಹೊಲಗಳು ಸೈಟುಗಳಾಗಿ, ನಮ್ಮ ತಂದೆ ಮತ್ತು ಚಿಕ್ಕಪ್ಪ ಪಾಲಿನ ವಿಷಯಕ್ಕೆ ಮಾತು ಬಿಟ್ಟ ವರ್ಷ ಅಮ್ಮ ನಮಗೆ ಈ ಕತೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಅಡಿಗೆಮನೆಯಲ್ಲಿ ಕೂತು, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ.