ತಳೇಗಾಂವದ ಕಾರುಗಳಿಗೂ ಒಂದು ಫೈಲು ಬೇಕು

ಹಳೆಯ ಕಾರು ಹರಾಜಿಗೆ ಬಂದಾಗ ಬಲ್ಲವರು ಮೊದಲು ಕೇಳಿ ತರಿಸಿಕೊಳ್ಳುವುದು ಅದರ ಫೈಲನ್ನು. ಮೊದಲ ಆರ್‌ಸಿ ಪುಸ್ತಕ, ಯಾರಿಂದ ಯಾರಿಗೆ ಹೆಸರು ಬದಲಾಯಿತೆಂಬ ದಾಖಲೆ, ಗ್ಯಾರೇಜಿನ ಬಿಲ್ಲುಗಳು, ಮನೆ ಮುಂದೆ ನಿಲ್ಲಿಸಿ ತೆಗೆದ ಒಂದೆರಡು ಫೋಟೊ. ಇವೆಲ್ಲ ಇರುವ ಕಾರಿಗೂ ಇಲ್ಲದ ಕಾರಿಗೂ ಬೆಲೆಯಲ್ಲಿ ಅಜಗಜಾಂತರ. ಟಾಪು ಮಡಚಿ ಹಿಂದಕ್ಕೆ ಇಳಿಸಬಹುದಾದ ಪುಟ್ಟ ಬ್ರಿಟಿಷ್ ಕಾರುಗಳ ವಿಷಯದಲ್ಲಂತೂ ಫೈಲಿಲ್ಲದೆ ಮಾತು ಮುಂದುವರಿಯುವುದೇ ಇಲ್ಲ. ಅದಕ್ಕೆ ಕಾರಣವಿದೆ. ಆ ಕಾರಣ ನಾವು ನೀವು ಬಂದು ನೆಲೆಸಿರುವ ಈ ತಳೇಗಾಂವಕ್ಕೂ ತಾಗುತ್ತದೆ.

ಟ್ರಯಂಫ್ ಹೆರಾಲ್ಡ್ ಕಾರನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1959ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಆ ಹೊತ್ತಿಗೆ ಬಹುತೇಕ ಕಂಪನಿಗಳು ಚಾಸಿ, ಬಾಡಿ ಎರಡೂ ಒಂದೇ ಆಗಿರುವ ಕಾರುಗಳತ್ತ ಹೊರಳಿದ್ದವು. ಸ್ಟ್ಯಾಂಡರ್ಡ್‌ಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೊ ಕಾರ್ಖಾನೆಯನ್ನು ಎದುರಾಳಿ ಬಿಎಂಸಿ 1953ರಲ್ಲಿ ಕೊಂಡುಬಿಟ್ಟಿತ್ತು. ಹಾಗಾಗಿ ಹಳೇ ಪದ್ಧತಿಯಂತೆ ಚಾಸಿಯನ್ನು ಬೇರೆಯಾಗಿಯೇ ಉಳಿಸಿಕೊಂಡು, ಬೇರೆ ಬೇರೆ ಕಡೆ ಮಾಡಿಸಿದ ಬಾಡಿಯ ಭಾಗಗಳನ್ನು ಅದರ ಮೇಲೆ ಬೋಲ್ಟ್ ಹಾಕಿ ಬಿಗಿದರು. ಗತಿಯಿಲ್ಲದೆ ಹೂಡಿದ ಉಪಾಯ ವರವಾಯಿತು. ಒಂದೇ ಚಾಸಿಯ ಮೇಲೆ ಸಲೂನ್ ಬಂತು, ಕೂಪೆ ಬಂತು, 1960ರಲ್ಲಿ ಕನ್ವರ್ಟಿಬಲ್ ಬಂತು. ಇಂದಿಗೂ ಹರಾಜುಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಎರಡು ಸೀಟಿನ ಸ್ಪಿಟ್‌ಫೈರ್ ಕೂಡ ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಹೊರತಂದದ್ದು.

ಹೆರಾಲ್ಡ್‌ನ ಬಾನೆಟ್ ತೆರೆಯುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎರಡೂ ಬದಿಯ ಕೊಂಡಿ ಬಿಡಿಸಿ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು, ಗ್ರಿಲ್ಲು ಸಮೇತ ಇಡೀ ಮುಂಭಾಗ ಮುಂದಕ್ಕೆ ವಾಲುತ್ತದೆ. ಮುಂದಿನ ಎರಡೂ ಚಕ್ರಗಳು, ನಡುವೆ ಎಂಜಿನ್ನು, ಸ್ಟೀರಿಂಗ್ ರಾಡುಗಳು ಎಲ್ಲ ಬಯಲಾಗುತ್ತವೆ. ಮೆಕ್ಯಾನಿಕ್ ಟೈರಿನ ಮೇಲೇ ಕೂತು ಕಾರ್ಬುರೇಟರಿಗೋ ಡಿಸ್ಟ್ರಿಬ್ಯೂಟರಿಗೋ ಆರಾಮಾಗಿ ಕೈ ಹಾಕಬಹುದು. ಗಾಡಿ 25 ಅಡಿ ವ್ಯಾಸದ ಜಾಗದಲ್ಲಿ ಪೂರ್ತಿ ಸುತ್ತು ತಿರುಗುತ್ತಿತ್ತು. ಓಣಿಯೊಳಗೆ ಮನೆ ಇದ್ದವರಿಗೆ ಅದೇ ದೊಡ್ಡ ಅನುಕೂಲ. ಹೀಗೆ ಸುಲಭಕ್ಕೆ ಬಿಚ್ಚಿ ಜೋಡಿಸಲು ಬರುತ್ತಿದ್ದುದರಿಂದಲೇ ಇಂಥ ಕಾರುಗಳು ಅರವತ್ತು ವರ್ಷ ದಾಟಿಯೂ ಓಡುತ್ತಿವೆ ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮಲ್ಲಿ ಈ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ 1961ರಿಂದ ಮದ್ರಾಸಿನಲ್ಲಿ ತಯಾರಾಯಿತು. ಅಂಬಾಸಿಡರ್, ಫಿಯಟ್ ಬಿಟ್ಟರೆ ಮಧ್ಯಮ ವರ್ಗದವರು ಕಣ್ಣಿಡಬಹುದಾದ ಮೂರನೆಯ ಕಾರು ಇದೊಂದೇ. ಮೊದಲು ಎರಡು ಬಾಗಿಲು. ಆಮೇಲೆ ನಮ್ಮ ಕುಟುಂಬಗಳ ಗಾತ್ರ ನೋಡಿ ನಾಲ್ಕು ಬಾಗಿಲು ಮಾಡಿದರು. ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತ ಬಿಟ್ಟು ಬೇರೆಲ್ಲೂ ಆಗಲಿಲ್ಲ. ಹಿಂದಿನ ಚಕ್ರಗಳ ಸ್ವಿಂಗ್ ಆಕ್ಸಲ್ ಮಾತ್ರ ನಮ್ಮ ರಸ್ತೆಗೂ ನಾವು ತುಂಬುವ ಭಾರಕ್ಕೂ ಒಗ್ಗಲಿಲ್ಲ. 1971ಕ್ಕೆ ಹೆರಾಲ್ಡ್ ನಿಂತು, ಮುಂದಿನ ವರ್ಷ ಗಝೆಲ್ ಎಂಬ ಕಾರು ಬಂದಾಗ ಮದ್ರಾಸಿನವರು ಅದಕ್ಕೆ ಗಟ್ಟಿಮುಟ್ಟಾದ ಮಾಮೂಲಿ ಆಕ್ಸಲ್ಲನ್ನೇ ಹಾಕಿದರು.

ಈಗ ಹರಾಜಿನ ವಿಷಯ. ಹೆರಾಲ್ಡ್ ಸಲೂನಿನ ಮೇಲ್ಛಾವಣಿಯನ್ನೂ ಬೋಲ್ಟ್ ಹಾಕಿಯೇ ಬಿಗಿದಿರುತ್ತದೆ. ಬಿಚ್ಚಿ ತೆಗೆದು, ಕ್ಯಾನ್ವಾಸಿನ ಹುಡ್ ಹೊಲಿಸಿ ಕೂರಿಸಿದರೆ ನೋಡುವವರ ಕಣ್ಣಿಗೆ ಅದೂ ಕನ್ವರ್ಟಿಬಲ್ಲೇ. ಹೀಗೆ ಟಾಪು ತೆಗೆಸಿಕೊಂಡ ಕಾರುಗಳು ಬೇಕಾದಷ್ಟಿವೆ. ಕೊವೆಂಟ್ರಿಯಲ್ಲಿ ಕನ್ವರ್ಟಿಬಲ್ ಆಗಿಯೇ ಹುಟ್ಟಿದ ಕಾರಿನ ಕಮಿಷನ್ ನಂಬರು 'ಸಿವಿ' ಅಕ್ಷರಗಳಿಂದ ಮುಗಿಯುತ್ತದೆ. ಆರ್‌ಟಿಓದಲ್ಲಿ ಹೆಸರು ಬದಲಾಯಿಸುವಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರಲ್ಲ, ಅಂಥ ಹಳೆಯ ಅಚ್ಚೊಂದು ಫೈಲಿನಲ್ಲಿ ಉಳಿದಿದ್ದರೆ ಎಷ್ಟೋ ವಾದ ಅಲ್ಲಿಗೇ ಬಗೆಹರಿಯುತ್ತದೆ. ಟಾಪು ತೆಗೆಸಿ ಖುಷಿಯಾಗಿ ಓಡಿಸುವವರ ಮೇಲೆ ನನ್ನದೇನೂ ಆಕ್ಷೇಪವಿಲ್ಲ. ಅದನ್ನು ಕಾರ್ಖಾನೆಯಿಂದ ಹಾಗೆಯೇ ಬಂದದ್ದೆಂದು ಹೇಳಿ ಮಾರುವುದು ಮಾತ್ರ ಮೋಸ. ಕಾನೂನೂ ಈಗ ಬಿಗಿಯಾಗಿದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸದ ವಾಹನವನ್ನಷ್ಟೇ ವಿಂಟೇಜ್ ಎಂದು ನೋಂದಾಯಿಸುತ್ತಾರೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮಾರಿದರೆ, ಕೊಂಡರೆ 90 ದಿನಗಳೊಳಗೆ ತಿಳಿಸಬೇಕು. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ.

ಅಸಲಿ ಕನ್ವರ್ಟಿಬಲ್‌ಗಳು ನಮ್ಮ ದೇಶದಲ್ಲಿ ಇಷ್ಟು ಕಡಿಮೆ ಏಕೆ? ಸ್ವಾತಂತ್ರ್ಯದ ನಂತರ ವಿದೇಶಿ ಕಾರುಗಳ ಆಮದನ್ನು ಸರ್ಕಾರ ಹಂತಹಂತವಾಗಿ ಬಿಗಿಗೊಳಿಸಿತು. ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಬಿಡಿಭಾಗ ತಂದು ಜೋಡಿಸುವವರು ಅಂಗಡಿ ಮುಚ್ಚಬೇಕೆಂದು 1953ರಲ್ಲಿ ತೀರ್ಮಾನವಾಯಿತು. ಆ ಏಟು ತಿಂದವರಲ್ಲಿ ಜನರಲ್ ಮೋಟರ್ಸ್ ಒಂದು. 1928ರಿಂದ ಬಾಂಬೆಯ ಸೇವ್ರಿಯಲ್ಲಿ ಕಾರು ಜೋಡಿಸುತ್ತಿದ್ದ ಆ ಕಂಪನಿ 1954ರಲ್ಲಿ ಗಂಟುಮೂಟೆ ಕಟ್ಟಿತು. ಅರ್ಧ ಶತಮಾನ ಕಳೆದು ಅದೇ ಕಂಪನಿ ಮಹಾರಾಷ್ಟ್ರದಲ್ಲಿ ಮತ್ತೆ ಕಾರ್ಖಾನೆ ತೆರೆದದ್ದು ತಳೇಗಾಂವದಲ್ಲಿ.

ತಳೇಗಾಂವದ ಚರಿತ್ರೆ ಎಂದರೆ ನಾವು ದಾಭಾಡೆ ಮನೆತನದ ಹತ್ತಿರವೇ ನಿಂತುಬಿಡುತ್ತೇವೆ. ಶಾಹು ಮಹಾರಾಜರ ಸೇನಾಪತಿ ಖಂಡೇರಾವ್, 1731ರ ಡಭೋಯಿ ಕಾಳಗದಲ್ಲಿ ಮಡಿದ ತ್ರ್ಯಂಬಕರಾವ್, ಆಮೇಲೆ ಮನೆತನದ ಭಾರ ಹೊತ್ತ ಉಮಾಬಾಯಿ, ಇವರನ್ನು ಸ್ಮರಿಸಲೇಬೇಕು. ಆದರೆ ಈ ಊರನ್ನು ಇವತ್ತಿನ ಊರಾಗಿಸಿದ್ದು ರಸ್ತೆ ಮತ್ತು ಕಾರ್ಖಾನೆ. ಬೋರ್ ಘಾಟಿನ ಗಾಡಿರಸ್ತೆ 1830ರಲ್ಲಿ ತೆರೆಯಿತು. ಖಂಡಾಳ-ಪುಣೆ ರೈಲು 1858ರಲ್ಲಿ ಇದೇ ಊರಿನ ಮೇಲೆ ಹಾದುಹೋಯಿತು. ಲೋಕಮಾನ್ಯ ತಿಲಕರ ಬೆಂಬಲದಿಂದ, ಜನರಿಂದ ಪೈಸೆ ಪೈಸೆ ಕೂಡಿಸಿ ಕಟ್ಟಿದ ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರಲ್ಲಿ ಇಲ್ಲಿ ಶುರುವಾಯಿತು. ಅದರ ಕತೆಗೆ ಬೇರೆಯೇ ಲೇಖನ ಬೇಕು.

ಜನರಲ್ ಮೋಟರ್ಸ್‌ನ ತಳೇಗಾಂವ ಕಾರ್ಖಾನೆ 2008ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಷೆವ್ರೊಲೆ ಸ್ಪಾರ್ಕ್, ಆಮೇಲೆ ಬೀಟ್ ಇಲ್ಲಿಂದ ಹೊರಬಂದವು. ಬೀಟ್ ಮೆಕ್ಸಿಕೊದವರೆಗೂ ಹೋಯಿತು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಡಿಪ್ಲೊಮಾ, ಐಟಿಐ ಮುಗಿಸಿ ಈ ಪ್ರದೇಶಕ್ಕೆ ಬಂದ ಎಷ್ಟೋ ಹುಡುಗರ ಬದುಕು ಇಂಥ ಕಾರ್ಖಾನೆಗಳ ಸುತ್ತಲೇ ಕಟ್ಟಿಕೊಂಡದ್ದು. 2017ರ ಕೊನೆಗೆ ಕಂಪನಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. 2020ರ ಡಿಸೆಂಬರಿನಲ್ಲಿ ರಫ್ತಿನ ಕಾರುಗಳೂ ನಿಂತವು. ಸಾವಿರದಷ್ಟು ಕಾರ್ಮಿಕರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಚೀನಾದ ಗ್ರೇಟ್ ವಾಲ್ ಕಂಪನಿ ಕೊಳ್ಳುವ ಮಾತು 2022ರಲ್ಲಿ ಮುರಿದುಬಿತ್ತು. 2023ರಲ್ಲಿ ಹ್ಯುಂಡೈ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಅದೇ ಆವರಣದಿಂದ ಹ್ಯುಂಡೈ ಕಾರುಗಳು ಹೊರಬರತೊಡಗಿದವು.

ಜನರಲ್ ಮೋಟರ್ಸ್‌ನ ಇನ್ನೊಂದು ಕಾರ್ಖಾನೆ ಗುಜರಾತಿನ ಹಾಲೋಲ್‌ನಲ್ಲಿತ್ತು. 2017ರಲ್ಲಿ ಅದನ್ನು ಚೀನಾದ ಸೈಕ್ ಕೊಂಡಿತು. ಅಲ್ಲಿಂದ 2019ರಲ್ಲಿ ಬಂದ ಕಾರಿನ ಮೇಲೆ ಎಂಜಿ ಎಂಬ ಗುರುತು. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್ ಅವರ ಗ್ಯಾರೇಜಿನಿಂದ ಬೆಳೆದ ಹೆಸರು. ತೆರೆದ ಪುಟ್ಟ ಕಾರು ಎಂದೊಡನೆ ಜಗತ್ತು ನೆನೆಯುವ ಹೆಸರೂ ಅದೇ. 1945ರಿಂದ 1949ರವರೆಗೆ ಅವರು ಮಾಡಿದ ಟಿಸಿ ಮಾದರಿಯ ಹತ್ತು ಸಾವಿರ ಕಾರುಗಳು ಇಂದು ಹರಾಜುಗಳ ರತ್ನ. ಇತ್ತ ಟ್ರಯಂಫ್ ಹೆಸರು 1936ರಲ್ಲೇ ಎರಡು ಪಾಲಾಗಿತ್ತು: ಕಾರು ಒಬ್ಬರಿಗೆ, ಬೈಕು ಇನ್ನೊಬ್ಬರಿಗೆ. ಕಾರಿನ ಹೆಸರು ಕೈಯಿಂದ ಕೈಗೆ ದಾಟಿ ಈಗ ಬಿಎಂಡಬ್ಲ್ಯೂ ಬಳಿ ಸುಮ್ಮನೆ ಕೂತಿದೆ. ಬೈಕಿನ ಹೆಸರು ಬಜಾಜ್ ಜೊತೆ ಸೇರಿ 2023ರಿಂದ ನಮ್ಮ ಪಕ್ಕದ ಚಾಕಣದಲ್ಲೇ ಗಾಡಿಗಳನ್ನು ಹೊರಬಿಡುತ್ತಿದೆ. ಹೆಸರು ಒಬ್ಬರಿಗೆ, ಯಂತ್ರ ಇನ್ನೊಬ್ಬರಿಗೆ, ಜಾಗ ಮತ್ತೊಬ್ಬರಿಗೆ ಮಾರಾಟವಾಗುತ್ತದೆ. ಅಲ್ಲಿ ದುಡಿದವರ ಮನೆಯ ಕಾಗದಗಳನ್ನು ಯಾರೂ ಕೊಳ್ಳುವುದಿಲ್ಲ, ಕೂಡಿಡುವುದೂ ಇಲ್ಲ.

ಲೆಕ್ಕ ಹಾಕಿ ನೋಡಿ. ತಳೇಗಾಂವದಲ್ಲಿ ತಯಾರಾಗಿ 2008ರಲ್ಲಿ ನೋಂದಣಿಯಾದ ಸ್ಪಾರ್ಕ್ 2058ರಲ್ಲಿ ವಿಂಟೇಜ್ ಪಟ್ಟಕ್ಕೆ ಅರ್ಹವಾಗುತ್ತದೆ. ಆದರೆ ಅದರ ಮೊದಲ 15 ವರ್ಷದ ನೋಂದಣಿ 2023ಕ್ಕೇ ಮುಗಿದಿದೆ. ಮರುನೋಂದಣಿ ಮಾಡಿಸುವ ಬದಲು ಗುಜರಿಗೆ ಹಾಕುವವರೇ ಹೆಚ್ಚು. ಹೆರಾಲ್ಡ್‌ಗಳೂ ಎಂಬತ್ತರ ದಶಕದಲ್ಲಿ ಹೀಗೆಯೇ ಹೋದವು. ಮಾರುತಿ ಬಂದ ಮೇಲೆ ಅವುಗಳ ಬಗ್ಗೆ ಕೇಳುವವರಿರಲಿಲ್ಲ. ಇವತ್ತು ಒಂದು ಒಳ್ಳೆಯ ಹೆರಾಲ್ಡ್‌ಗಾಗಿ ಜನ ಊರೂರು ಹುಡುಕುತ್ತಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಮೈಸೂರು ಹತ್ತಿರದ ಪಯಣ ಸಂಗ್ರಹಾಲಯಗಳಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳನ್ನು ಎಷ್ಟು ಮುತುವರ್ಜಿಯಿಂದ ಕಾಪಾಡಿದ್ದಾರೆಂದು ಊರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ. ಕಾರುಗಳನ್ನೇ ಹುಟ್ಟಿಸಿದ ನಮ್ಮ ತಾಲೂಕಿನಲ್ಲಿ ಅಂಥದ್ದೊಂದು ಕೋಣೆಯಾದರೂ ಇರಬೇಕಿತ್ತು.

ಕಾರು ಇಟ್ಟುಕೊಳ್ಳಲು ನಮ್ಮ ಸಂಘಕ್ಕೆ ಜಾಗವಿಲ್ಲ, ನಿಜ. ಒಂದು ಫೈಲು ಇಟ್ಟುಕೊಳ್ಳಬಹುದು. ಆ ಕಾರ್ಖಾನೆಯಲ್ಲಾಗಲಿ, ಅದಕ್ಕೆ ಬಿಡಿಭಾಗ ಕೊಟ್ಟ ಘಟಕಗಳಲ್ಲಾಗಲಿ ದುಡಿದ ಸದಸ್ಯರೇ, ನಿಮ್ಮ ಹಳೆಯ ಗುರುತಿನ ಚೀಟಿ, ತರಬೇತಿ ಪ್ರಮಾಣಪತ್ರ, ಆಯುಧಪೂಜೆಯ ದಿನ ಶಾಪ್ ಫ್ಲೋರಿನಲ್ಲಿ ತೆಗೆದ ಫೋಟೊ ಇದ್ದರೆ ನಕಲು ಕೊಡಿ. ಫೋಟೊದಲ್ಲಿರುವವರ ಹೆಸರು, ತೆಗೆದ ವರ್ಷ ಹಿಂಬದಿಯಲ್ಲಿ ಬರೆದಿಡಿ. ಮನೆಯಲ್ಲಿ ತಳೇಗಾಂವದ ಸ್ಪಾರ್ಕೋ ಬೀಟೋ ಇದ್ದರೆ ಗುಜರಿಗೆ ಕಳಿಸುವ ಮುನ್ನ ಚಾಸಿ ನಂಬರಿನ ಪೆನ್ಸಿಲ್ ಅಚ್ಚೊಂದನ್ನು ತೆಗೆದಿಟ್ಟುಕೊಳ್ಳಿ. ಊರಿನಲ್ಲಿ ಅಜ್ಜನ ಕಾಲದ ಹೆರಾಲ್ಡ್‌ನ ಆರ್‌ಸಿ ಪುಸ್ತಕ ಟ್ರಂಕಿನಲ್ಲಿದ್ದರೆ, ಕಾರು ಹೋಗಿ ಎಷ್ಟೇ ವರ್ಷವಾಗಿರಲಿ, ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ. ಮುಂದಿನ ಮಾಸಿಕ ಸಭೆಗೆ ಬರುವಾಗ ಜೊತೆಗೆ ತನ್ನಿ.