ಪೊಲೀಸ್ ನೇಮಕಾತಿಯ ದೇಹದಾರ್ಢ್ಯ ಪರೀಕ್ಷೆ: ಅಳತೆಪಟ್ಟಿಯಿಂದ ಕೆಲಸದ ವಿಶ್ಲೇಷಣೆಗೆ

ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದ ಪೊಲೀಸ್ ಇಲಾಖೆಗಳು ಅಭ್ಯರ್ಥಿಯ ದೇಹಬಲವನ್ನು ಎತ್ತರ, ತೂಕಗಳಿಂದಲೇ ಅಂದಾಜು ಮಾಡುತ್ತಿದ್ದವು. ಈ ಪದ್ಧತಿಯನ್ನು ಅಲುಗಾಡಿಸಿದ್ದು ಶರೀರಶಾಸ್ತ್ರಕ್ಕಿಂತ ಹೆಚ್ಚಾಗಿ ಕಾನೂನು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ತಾರತಮ್ಯ ನಿಷೇಧದ ನಿಯಮಗಳು 1972ರಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೂ ಅನ್ವಯವಾದವು. 1977ರ ಡೊಥಾರ್ಡ್ ಪ್ರಕರಣ ಅಲಬಾಮಾದ ಸೆರೆಮನೆ ಕಾವಲುಗಾರರಿಗೆ ಸಂಬಂಧಿಸಿದ್ದು. ಅಲ್ಲಿನ 5 ಅಡಿ 2 ಅಂಗುಲ ಎತ್ತರ, 120 ಪೌಂಡ್ ತೂಕದ ನಿಯಮ ಶೇಕಡಾ 40ಕ್ಕೂ ಹೆಚ್ಚು ಮಹಿಳೆಯರನ್ನು ಹೊರಗಿಡುತ್ತಿತ್ತು. ಪುರುಷರಲ್ಲಿ ಹೊರಗುಳಿಯುತ್ತಿದ್ದವರು ಶೇಕಡಾ 1ಕ್ಕಿಂತ ಕಡಿಮೆ. ಬಲವೇ ಬೇಕಿದ್ದರೆ ಬಲವನ್ನೇ ನೇರವಾಗಿ ಪರೀಕ್ಷಿಸಬಹುದಲ್ಲ ಎಂಬುದು ಸುಪ್ರೀಂ ಕೋರ್ಟಿನ ತರ್ಕವಾಗಿತ್ತು.

ನೇರ ಪರೀಕ್ಷೆಯನ್ನು ರೂಪಿಸಲು ಮೊದಲು ಕೆಲಸವನ್ನು ಬಿಡಿಸಿ ನೋಡಬೇಕು: ಸಿಬ್ಬಂದಿ ಎಷ್ಟು ದೂರ ಓಡುತ್ತಾರೆ, ಏನನ್ನು ಹತ್ತುತ್ತಾರೆ, ಎಷ್ಟು ಭಾರ ಹೊರುತ್ತಾರೆ, ಪ್ರತಿರೋಧ ಒಡ್ಡುವವರನ್ನು ಹೇಗೆ ಹಿಡಿಯುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಂಶೋಧಕರಾದ ಫ್ಯಾರೆನ್‌ಹೋಲ್ಟ್ಸ್ ಮತ್ತು ರೋಡ್ಸ್ 1980ರ ದಶಕದಲ್ಲಿ ಇಂಥ ವಿಶ್ಲೇಷಣೆಯ ಮೇಲೆ 'ಪೋಪ್ಯಾಟ್' ಪರೀಕ್ಷೆಯನ್ನು ಕಟ್ಟಿದರು. ಅದರಿಂದಲೇ ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ ಪಡೆಯ 'ಪೇರ್' ಹುಟ್ಟಿತು. ಪೇರ್‌ನಲ್ಲಿ ಅಡೆತಡೆಗಳ ಓಟ, ತೂಕವನ್ನು ತಳ್ಳುವುದು, ಎಳೆಯುವುದು, ಕೊನೆಗೆ ಭಾರದ ಚೀಲ ಹೊರುವುದು ಇರುತ್ತವೆ. ಅರ್ಜಿದಾರರಿಗೆ ಬಹುಕಾಲ ಇದ್ದ ಗಡುವು 4 ನಿಮಿಷ 45 ಸೆಕೆಂಡು.

ಆದರೆ ಪರೀಕ್ಷೆಯ ಬಗೆಯನ್ನು ಆರಿಸುವುದಕ್ಕಿಂತ ತೇರ್ಗಡೆಯ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಕಠಿಣ. ಫಿಲಡೆಲ್ಫಿಯಾದ ಸಾರಿಗೆ ಪೊಲೀಸ್ ಪ್ರಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1991ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಸೆಪ್ಟಾ, ತಜ್ಞ ಪಾಲ್ ಡೇವಿಸ್ ಅವರ ಸಲಹೆಯಂತೆ 1.5 ಮೈಲಿಯನ್ನು 12 ನಿಮಿಷದಲ್ಲಿ ಓಡಬೇಕೆಂದು ವಿಧಿಸಿತು. ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 42.5 ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬುದಕ್ಕೆ ಇದು ಸಮಾನ. ಆ ವರ್ಷ ತೇರ್ಗಡೆಯಾದ ಮಹಿಳೆಯರು ಸುಮಾರು ಶೇಕಡಾ 12 ಮಾತ್ರ. ಪುರುಷರು ಅರ್ಧಕ್ಕಿಂತ ಹೆಚ್ಚು. ಈಗಾಗಲೇ ಸೇವೆಯಲ್ಲಿದ್ದ ಹಲವರೂ ಈ ಮಟ್ಟ ಮುಟ್ಟುತ್ತಿರಲಿಲ್ಲ, ಆದರೂ ಕೆಲಸದಲ್ಲಿ ಮುಂದುವರಿದಿದ್ದರು. ಗೆರೆಯ ಮೇಲಿನ ಅತ್ಯಂತ ಗಂಭೀರ ಆಕ್ಷೇಪ ಇದೇ. ಕೆಲಸವನ್ನು ಸರಿಯಾಗಿ ಮಾಡಲು ಬೇಕಾದ ಕನಿಷ್ಠ ಅರ್ಹತೆಯನ್ನಷ್ಟೇ ಗಡುವು ಅಳೆಯಬೇಕೆಂದು 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿ ಪ್ರಕರಣವನ್ನು ಮರಳಿಸಿತು. ಮರುವಿಚಾರಣೆಯ ನಂತರ 2002ರಲ್ಲಿ ಅದೇ ನ್ಯಾಯಾಲಯ 12 ನಿಮಿಷದ ಗಡುವನ್ನು ಎತ್ತಿಹಿಡಿಯಿತು. ಅಭ್ಯಾಸ ಮಾಡಿದರೆ ಬಹುತೇಕ ಮಹಿಳೆಯರು ಇದನ್ನು ದಾಟಬಲ್ಲರೆಂಬುದೂ ಅದರ ಪರಿಗಣನೆಯಲ್ಲಿತ್ತು.

1999ರಲ್ಲೇ ಕೆನಡಾದ ಸುಪ್ರೀಂ ಕೋರ್ಟ್ ಬೇರೊಂದು ನಿಲುವು ತಳೆಯಿತು. ಮೀಯೊರಿನ್ ಪ್ರಕರಣ ಕಾಡ್ಗಿಚ್ಚು ನಂದಿಸುವ ಮಹಿಳೆಯೊಬ್ಬರದು. ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದ ಅವರು 2.5 ಕಿ.ಮೀ.ಯನ್ನು 11 ನಿಮಿಷದಲ್ಲಿ ಓಡಲಾಗದೆ ಹುದ್ದೆ ಕಳೆದುಕೊಂಡರು. ಆ ಮಟ್ಟ ಸುರಕ್ಷಿತ ಕೆಲಸಕ್ಕೆ ಅನಿವಾರ್ಯವೆಂದು ಸರ್ಕಾರ ಸಾಬೀತುಪಡಿಸಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಚುರುಕಾದವರು ಎಷ್ಟು ಬೇಗ ಓಡುತ್ತಾರೆಂದು ಅಳೆದರೆ ಕೆಲಸಕ್ಕೆ ಎಷ್ಟು ಓಟ ಬೇಕೆಂಬುದು ತಿಳಿಯುವುದಿಲ್ಲ. ಪರೀಕ್ಷೆ ರೂಪಿಸುವವರಿಗೆ ಈ ತೀರ್ಪಿನ ಮುಖ್ಯ ಪಾಠ ಇದು. ಕೆನಡಾದ ಪೊಲೀಸ್ ಪರೀಕ್ಷೆಗಳೂ ಈ ತೀರ್ಪಿನ ಅಳತೆಗೋಲಿಗೆ ಒಳಪಟ್ಟವು.

ಕೆಲಸಕ್ಕೆ ಕಟ್ಟಿದ ಪರೀಕ್ಷೆಗೂ ಸಾಮಾನ್ಯ ದೇಹಕ್ಷಮತೆಯ ಪರೀಕ್ಷೆಗೂ ಇರುವ ಅಂತರ 2016ರಲ್ಲಿ ಮತ್ತೆ ಚರ್ಚೆಗೆ ಬಂತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ತರಬೇತಿಯಲ್ಲಿ ಆಗ ಪುರುಷರು 30 ದಂಡ ಹೊಡೆಯಬೇಕಿತ್ತು, ಮಹಿಳೆಯರು 14. ಇದು ಒಟ್ಟಾರೆ ಕ್ಷಮತೆಯ ಅಳತೆ. ಶರೀರ ವ್ಯತ್ಯಾಸವನ್ನು ಗಣಿಸಿ ಇಬ್ಬರ ಮೇಲೂ ಸಮಾನ ಹೊರೆ ಹೊರಿಸುವ ಬೇರೆ ಬೇರೆ ಮಟ್ಟಗಳು ಇಂಥಲ್ಲಿ ಸಲ್ಲುತ್ತವೆ ಎಂದು, ಈ ನಿಯಮವನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ಒಪ್ಪಿತು.