ಕಟ್ಟಡದ ಗುತ್ತಿಗೆ ಮತ್ತು ಕರಾರುಪತ್ರ: ಒಂದು ಐತಿಹಾಸಿಕ ಅವಲೋಕನ

ಗೋಪುರವನ್ನು ಕಟ್ಟಬಯಸುವವನು ಮೊದಲು ಕುಳಿತು ಅದರ ವೆಚ್ಚವನ್ನು ಲೆಕ್ಕ ಹಾಕದಿದ್ದರೆ ನೋಡುವವರ ನಗೆಗೀಡಾಗುವನೆಂಬ ದೃಷ್ಟಾಂತವು ಸಂತ ಲೂಕರ ಶುಭಸಂದೇಶದಲ್ಲಿರುವುದನ್ನು ಭಕ್ತಾದಿಗಳೆಲ್ಲರೂ ಬಲ್ಲರು. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ ಧಾರಾಳವಾಗಿ ದಾನವಿತ್ತ ಮಹನೀಯರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಕಲ್ಲಿನ ಅಡಿಪಾಯಕ್ಕಿಂತ ಮೊದಲು ಪ್ರತಿಯೊಂದು ಕಟ್ಟಡಕ್ಕೂ ಕಾಗದದ ಅಡಿಪಾಯವೊಂದು ಬೀಳುತ್ತದೆ. ಅಂದಾಜುಪಟ್ಟಿ, ಟೆಂಡರು, ಕರಾರುಪತ್ರಗಳೆಂಬ ಆ ಕಾಗದಗಳನ್ನು ನೆನೆಯುವವರು ವಿರಳ. ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಅವು ಬೆಳೆದುಬಂದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ನಮ್ಮ ಹಿರಿಯರ ಕಾಲದಲ್ಲಿ ಮನೆ ಕಟ್ಟಿಸುವ ಕ್ರಮ ಸರಳವಾಗಿತ್ತು. ಕಟ್ಟಿಸುವವನೇ ಕಲ್ಲು, ಸುಣ್ಣ, ತೊಲೆಗಳನ್ನು ತರಿಸಿಕೊಡುತ್ತಿದ್ದನು. ಗೌಂಡಿಗೂ ಬಡಿಗನಿಗೂ ಇಸಾರ ಕೊಟ್ಟು, ಮಾತು ಗಟ್ಟಿ ಮಾಡಿಕೊಂಡು, ಸಂತೆಯ ದಿನ ಬಟವಡೆ ಮಾಡಿದರೆ ಕೆಲಸ ಸಾಗುತ್ತಿತ್ತು. ಸಾಮಾನಿನ ಬೆಲೆ ಏರಿದರೆ ಆ ನಷ್ಟ ಕಟ್ಟಿಸುವವನದೇ. ಇಬ್ಬರ ನಡುವೆ ಸಾಕ್ಷಿಯಾಗಿದ್ದುದು ಊರಿನ ನಾಲ್ಕು ಜನರ ಕಣ್ಣು. ಕೆಲಸ ದೊಡ್ಡದಾಗಿ, ಕಟ್ಟಿಸುವವನು ದೂರದಲ್ಲಿದ್ದು, ದುಡಿಯುವವರು ಸಾವಿರಗಟ್ಟಲೆಯಾದಾಗ ಈ ಬಾಯಿಮಾತಿನ ಪದ್ಧತಿ ಸಾಲದಾಯಿತು. ಆ ಬದಲಾವಣೆಯನ್ನು ತಂದುದು ರೈಲ್ವೆ.

ಧಾರವಾಡ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಕಥೆ ಅಲ್ಲಿಂದಲೇ ಆರಂಭವಾಗಬೇಕು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯೊಡನೆ 1849ರಲ್ಲಿ ಆದ ಕರಾರಿನಂತೆ, ಹೂಡಿದ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತರಿಯಿತ್ತು. ಖರ್ಚು ಹೆಚ್ಚಾದರೂ ಬಡ್ಡಿ ತಪ್ಪದಿದ್ದುದರಿಂದ ಮಿತವ್ಯಯಕ್ಕೆ ಪ್ರೇರಣೆಯೇ ಇರಲಿಲ್ಲವೆಂದು ಮುಂದೆ ಆ ಪದ್ಧತಿ ಕಟುಟೀಕೆಗೆ ಗುರಿಯಾಯಿತು. ಮುಂಬಯಿ-ಪುಣೆಗಳ ನಡುವಿನ ಭೋರ್ ಘಾಟಿನ ಕೆಲಸವನ್ನು 1855ರಲ್ಲಿ ಫೇವಿಯಲ್ ಎಂಬ ಆಂಗ್ಲ ಗುತ್ತೇದಾರನು ಹಿಡಿದನು. ಅವನ ಕೈಕೆಳಗಿನ ಒಳಗುತ್ತೇದಾರರಿಂದ ಕೂಲಿ ಸರಿಯಾಗಿ ಸಲ್ಲದೆ 1859ರ ಆರಂಭದಲ್ಲಿ ಕೂಲಿಕಾರರು ದಂಗೆಯೆದ್ದರು. ಅದೇ ವರ್ಷ ಫೇವಿಯಲ್ ಗುತ್ತಿಗೆಯನ್ನು ಬಿಟ್ಟುಕೊಟ್ಟನು. ಅನಂತರ ಬಂದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಕಾಲಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಪತ್ನಿ ಆಲಿಸ್ ಟ್ರೆಡ್‌ವೆಲ್ ಕರಾರನ್ನು ಕೈಬಿಡದೆ, ಅನುಭವಿಗಳಾದ ಇಂಜಿನಿಯರರನ್ನು ನೇಮಿಸಿ ಕೆಲಸವನ್ನು ಮುಂದುವರಿಸಿದಳು. 1863ರಲ್ಲಿ ಘಾಟಿನ ಮಾರ್ಗ ತೆರೆಯಿತು. ಕಾಲರಾದಿಂದಲೂ ಅಪಘಾತಗಳಿಂದಲೂ ಅಲ್ಲಿ ಮಡಿದ ಕೂಲಿಕಾರರು ಸಾವಿರಾರು. ಅವರ ಹೆಸರು ಯಾವ ಕರಾರುಪತ್ರದಲ್ಲಿಯೂ ಇರಲಿಲ್ಲ.

ನಮ್ಮ ಸೀಮೆಗೆ ರೈಲು ಬಂದುದು 1876-78ರ ಭೀಕರ ಬರಗಾಲದ ಹಿನ್ನೆಲೆಯಲ್ಲಿ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕರಾರು ಹಳೆಯದಕ್ಕಿಂತ ಬಿಗಿಯಾಗಿತ್ತು: ಮಾರ್ಗವು ಸರಕಾರದ ಸ್ವತ್ತು, ಕಟ್ಟಿ ನಡೆಸುವ ಹೊಣೆ ಕಂಪನಿಯದು, ಖಾತರಿಯ ಬಡ್ಡಿಯೂ ಮೊದಲಿಗಿಂತ ಕಡಿಮೆ. ಕಂಪನಿಯ ಪ್ರಧಾನ ಕಚೇರಿ ಧಾರವಾಡದಲ್ಲಿಯೂ ಕಾರ್ಖಾನೆ ಹುಬ್ಬಳ್ಳಿಯಲ್ಲಿಯೂ ತಲೆಯೆತ್ತಿದವು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಒಂದಾಗಿ ಪ್ರಧಾನ ಕಚೇರಿ ಮದರಾಸಿಗೆ ಹೋಯಿತು; ಧಾರವಾಡದ ಆ ಭವ್ಯ ಕಟ್ಟಡ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಆಸರೆಯಾಯಿತು. ರೈಲ್ವೆಯ ಕೆಲಸವನ್ನರಸಿ ಹುಬ್ಬಳ್ಳಿಗೆ ಬಂದವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವೆಂಬುದನ್ನು ನಾವು ಮರೆಯುವಂತಿಲ್ಲ.

ಇತ್ತ 1872ರ ಭಾರತೀಯ ಕರಾರು ಕಾಯಿದೆಯು ಕೊಟ್ಟ ಮಾತಿಗೆ ಕಾನೂನಿನ ಬಲವನ್ನಿತ್ತಿತು. ಮುಂಬಯಿ ಲೋಕೋಪಯೋಗಿ ಇಲಾಖೆ ತನ್ನ ಟೆಂಡರುಗಳಿಗೆ ಅಚ್ಚಾದ ನಮೂನೆಗಳನ್ನು ಬಳಕೆಗೆ ತಂದಿತು. ಹಳೆಯ ಗುತ್ತೇದಾರರ ಬಾಯಲ್ಲಿದ್ದ ಬಿ-1, ಬಿ-2 ಎಂಬ ಹೆಸರುಗಳು ಈ ನಮೂನೆಗಳವು. ಬಿ-1ರಲ್ಲಿ ಕೆಲಸದ ಪರಿಮಾಣವನ್ನೂ ದರವನ್ನೂ ಇಲಾಖೆಯೇ ಬರೆದಿರುತ್ತದೆ; ಅದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆಗೆ ಮಾಡುವೆನೆಂದು ಗುತ್ತೇದಾರನು ಹೇಳಬೇಕು. ಬಿ-2ರಲ್ಲಿ ಅಗೆತ, ಕಾಂಕ್ರೀಟು, ಕಲ್ಲುಕಟ್ಟಡ, ಗಿಲಾವು ಎಂಬ ಒಂದೊಂದು ಬಾಬಿಗೂ ಅವನೇ ದರ ಬರೆಯಬೇಕು. ಇವೆರಡರಲ್ಲಿಯೂ ಮಾಡಿದ ಕೆಲಸವನ್ನು ಅಳೆದು, ಅಳತೆ ಪುಸ್ತಕದಲ್ಲಿ ದಾಖಲಿಸಿ ಹಣ ಕೊಡಲಾಗುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಮೊತ್ತವನ್ನು ಗೊತ್ತುಮಾಡುವ ಇಡಿಗುತ್ತಿಗೆ ಮೂರನೆಯ ಬಗೆ.

ಈ ಭೇದ ಬರಿಯ ಕಾಗದದ ಭೇದವೆಂದು ಭಾವಿಸಲಾಗದು. ಹುಬ್ಬಳ್ಳಿಯ ಸುತ್ತ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವ ಈ ನೆಲದಲ್ಲಿ ಗಟ್ಟಿ ನೆಲೆ ಎಷ್ಟು ಆಳಕ್ಕೆ ಸಿಗುವುದೆಂಬುದು ಅಗೆದಾಗಲೇ ತಿಳಿಯುತ್ತದೆ. ಅಂದಾಜಿನಲ್ಲಿ ಐದು ಅಡಿಯಿದ್ದ ಪಾಯ ಒಂಬತ್ತು ಅಡಿಗೆ ಇಳಿದರೆ ಹೆಚ್ಚಿನ ಖರ್ಚು ಯಾರದು? ಬಾಬುವಾರು ದರದ ಕರಾರಿನಲ್ಲಿ ಹೆಚ್ಚಿನ ಅಳತೆಗೆ ಕಟ್ಟಿಸುವವನು ಹಣ ತೆರುತ್ತಾನೆ. ಇಡಿಗುತ್ತಿಗೆಯಲ್ಲಿ, ಬೇರೆ ಷರತ್ತಿಲ್ಲದಿದ್ದರೆ, ನಷ್ಟ ಗುತ್ತೇದಾರನ ತಲೆಗೆ ಬರುತ್ತದೆ. ಆ ನಷ್ಟವನ್ನು ಮೇಲಿನ ಗೋಡೆಯ ಸಿಮೆಂಟಿನಲ್ಲಿ ತುಂಬಿಕೊಳ್ಳುವ ಪ್ರಲೋಭನೆಯೂ ಅವನಿಗೆ ಒದಗುತ್ತದೆ. ಕಾಣದ ನೆಲದ ಅಪಾಯವನ್ನು ಯಾರು ಹೊರಬೇಕೆಂದು ಮೊದಲೇ ನಿರ್ಧರಿಸುವುದೇ ಕರಾರುಪತ್ರದ ಮುಖ್ಯ ಪ್ರಯೋಜನ.

ಇದರ ಬೆಲೆಯನ್ನು ನಾವು ಅನುಭವದಿಂದ ಕಲಿತೆವು. ಅನೇಕ ವರ್ಷಗಳ ಹಿಂದೆ ಒಂದು ಸಣ್ಣ ಸಭಾಗೃಹದ ಕಟ್ಟಡ ಸಮಿತಿಯಲ್ಲಿ ನಾವಿದ್ದೆವು. ಬಂದ ಮೂರು ಟೆಂಡರುಗಳಲ್ಲಿ ಅತಿ ಕಡಿಮೆಯದನ್ನು ಹರ್ಷದಿಂದ ಒಪ್ಪಿಕೊಂಡೆವು. ಕರಾರು ಒಂದೇ ಹಾಳೆಯಲ್ಲಿ ಮುಗಿದಿತ್ತು. ಎರೆಮಣ್ಣಿನಲ್ಲಿ ಪಾಯ ಇಳಿದಂತೆಲ್ಲ ವಾದ ಬೆಳೆಯಿತು, ಕಡೆಗೆ ಕೆಲಸ ನಿಂತಿತು. ಆ ಶನಿವಾರ ಬಟವಡೆಗೆಂದು ಬಂದ ಗೌಂಡಿಗಳೂ ಬುಟ್ಟಿ ಹೊರುವ ಹೆಣ್ಣುಮಕ್ಕಳೂ ಸಂಜೆಯವರೆಗೆ ಕಾಯ್ದು ಬರಿಗೈಯಲ್ಲಿ ಮರಳಿದರು. ಗುತ್ತೇದಾರನು ನಮ್ಮತ್ತ, ನಾವು ಗುತ್ತೇದಾರನತ್ತ ಬೆರಳು ತೋರಿಸುತ್ತಿದ್ದೆವು. ದೋಷ ಅವನೊಬ್ಬನದಾಗಿರಲಿಲ್ಲ, ಆ ಒಂದು ಹಾಳೆಗೆ ರುಜು ಹಾಕಿದವರು ನಾವೂ ಆಗಿದ್ದೆವು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ರೂಪುಗೊಂಡಿತು. ಸಾರ್ವಜನಿಕ ಕಾಮಗಾರಿಗಳ ಟೆಂಡರಿಗೆ ರಾಜ್ಯದಲ್ಲಿ ಪ್ರತ್ಯೇಕ ಶಾಸನ ಬರಲು ಮಾತ್ರ ಬಹುಕಾಲ ಹಿಡಿಯಿತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬ ಕಾಯಿದೆಯು 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಟೆಂಡರು ಕರೆಯುವುದು, ತೆರೆಯುವುದು, ಒಪ್ಪುವುದು ಇವೆಲ್ಲಕ್ಕೂ ಬಹಿರಂಗ ನಿಯಮಗಳಾದವು. ತಿರಸ್ಕೃತನಾದವನಿಗೆ ಮೇಲ್ಮನವಿಯ ಹಕ್ಕು ದೊರೆಯಿತು. 2007ರಿಂದ ಟೆಂಡರುಗಳನ್ನು ಗಣಕಯಂತ್ರದ ಮೂಲಕ ಸಲ್ಲಿಸುವ ವ್ಯವಸ್ಥೆಯೂ ಬಂದಿತು. ಅವಳಿನಗರಗಳ ನಡುವೆ ವಿಶ್ವಬ್ಯಾಂಕಿನ ನೆರವಿನಿಂದ ನಿರ್ಮಾಣವಾಗಿ 2018ರಲ್ಲಿ ಸಂಚಾರ ಆರಂಭಿಸಿದ, 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಯ ಮಾರ್ಗವು ಇಂಥ ವಿಸ್ತೃತ ಟೆಂಡರು ದಾಖಲೆಗಳ ಕಾಲದ ಕೂಸು.

ಕೂಲಿಕಾರನ ಹೆಸರು ಕಾಗದಕ್ಕೆ ಬಂದ ಬಗೆ ಇನ್ನೂ ದೀರ್ಘವಾದದ್ದು. ಭೋರ್ ಘಾಟಿನ ದಂಗೆಯ ಬೆನ್ನಿಗೇ, 1860ರಲ್ಲಿ, ಕೂಲಿಯ ವ್ಯಾಜ್ಯಗಳನ್ನು ಮ್ಯಾಜಿಸ್ಟ್ರೇಟರು ಶೀಘ್ರವಾಗಿ ತೀರ್ಮಾನಿಸುವ ಕಾನೂನು ಬಂದಿತು. ಆದರೆ ಕರಾರು ಮುರಿದ ಕೂಲಿಕಾರನನ್ನು ಶಿಕ್ಷಿಸುವುದಕ್ಕೂ ಅದರಲ್ಲಿ ಎಡೆಯಿತ್ತು. 1891ರಲ್ಲಿ ಪರಮಪೂಜ್ಯ ಜಗದ್ಗುರು ಹದಿಮೂರನೆಯ ಲಿಯೋ ಅವರು ತಮ್ಮ ‘ರೇರುಂ ನೊವಾರುಂ’ ವಿಶ್ವಪರಿಪತ್ರದಲ್ಲಿ, ಇಬ್ಬರೂ ಒಪ್ಪಿದರೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗದು, ಅದು ದುಡಿಯುವವನ ಜೀವನಕ್ಕೆ ಸಾಲುವಂತಿರಬೇಕು ಎಂದು ಬೋಧಿಸಿದರು. ಭಾರತದಲ್ಲಿ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು, ಗುತ್ತೇದಾರನು ಕೂಲಿ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಮಾಲಿಕನೇ ಕೊಡಬೇಕೆಂದು ವಿಧಿಸಿತು. 1996ರ ಶಾಸನಗಳಿಂದ ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಗಾಗಿ ನಿರ್ಮಾಣ ವೆಚ್ಚದ ಮೇಲೆ ಉಪಕರ ಬಂದಿತು; ಕರ್ನಾಟಕದಲ್ಲಿ ಅದರ ದರ ಶೇಕಡಾ 1 ಎಂದು ನಿಗದಿಯಾಯಿತು. 1859ರಲ್ಲಿ ಘಾಟಿನ ಕೂಲಿಕಾರರು ಕೇಳಿದ ಪ್ರಶ್ನೆಗೆ ಶಾಸನದ ಉತ್ತರ ಬರಲು ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಮುಂದೆ ಶಾಲೆಯನ್ನೋ ಸಭಾಗೃಹವನ್ನೋ ಕಟ್ಟಿಸುವ ಭಾರ ನಮ್ಮ ಕಿರಿಯರ ಮೇಲೆ ಬೀಳದಿರದು. ಆಗ ನೆಲವನ್ನು ಮೊದಲು ಪರೀಕ್ಷಿಸಲಿ. ಕೆಲಸದ ಬಾಬುಗಳನ್ನೂ ಅಳತೆಯ ಕ್ರಮವನ್ನೂ ಸ್ಪಷ್ಟವಾಗಿ ಬರೆಯಿಸಲಿ. ಎಲ್ಲಕ್ಕಿಂತ ಕಡಿಮೆ ಮೊತ್ತದ ಟೆಂಡರನ್ನು ಒಪ್ಪುವ ಮುನ್ನ ಆ ಮೊತ್ತದಲ್ಲಿ ಯಾರ ಕೂಲಿ ಕಡಿತವಾಗಲಿದೆಯೆಂದು ವಿಚಾರಿಸಲಿ. ವಾರದ ಬಟವಡೆ ತಪ್ಪದಂತೆ ಒಂದು ಷರತ್ತು ಕರಾರಿನಲ್ಲಿಯೇ ಇರಲಿ. ದೇವರ ಮಹಿಮೆಗೆಂದು ಕಟ್ಟುವ ಮನೆಯ ಯಾವ ಕಲ್ಲಿನ ಕೆಳಗೂ ಸಲ್ಲದ ಕೂಲಿ ಉಳಿಯಬಾರದೆಂಬುದೇ ಈ ಶತಮಾನೋತ್ಸವದ ಸಂದರ್ಭದಲ್ಲಿ ನಮ್ಮ ಪ್ರಾರ್ಥನೆ.